ಡೇರೆಯ ಹಿಂದಿನ ಸಂಸಾರ

(ನಮ್ಮ ಪಟ್ಟಣದ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ವಾರದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾವು ಸಾಮಾನ್ಯವಾಗಿ ಕೂಲಿ, ಬೋನಸ್ಸು, ತೆರಿಗೆ, ದವಸದ ಬೆಲೆ ಇವುಗಳ ಬಗ್ಗೆ ಮಾತಾಡುತ್ತೇವೆ. ಈ ವಾರ ಸರ್ಕಸ್ಸಿನ ಮಾತೇಕೆ ಎಂದು ಕೆಲವರು ಕೇಳಿದರು. ಸರ್ಕಸ್ಸೆಂದರೆ ಮಕ್ಕಳ ತಮಾಷೆ, ಅದರಲ್ಲಿ ದೊಡ್ಡವರು ಕೂತು ವಿಚಾರ ಮಾಡುವಂಥದ್ದು ಏನಿದೆ ಎಂಬುದು ಅವರ ಪ್ರಶ್ನೆ. ನಮ್ಮ ಉತ್ತರ ಇಷ್ಟೆ: ಸರ್ಕಸ್ಸೂ ಒಂದು ಕಾರ್ಖಾನೆ. ಅಲ್ಲಿ ಪಾಳಿ ಉಂಟು, ಮೇಸ್ತ್ರಿ ಉಂಟು, ಮಾಲೀಕ ಉಂಟು, ಅಪಘಾತವೂ ಉಂಟು. ಕಾರ್ಖಾನೆಗೆ ಇರುವ ಗೋಡೆ ಮಾತ್ರ ಅದಕ್ಕೆ ಇಲ್ಲ. ಗೋಡೆ ಇಲ್ಲದ್ದರಿಂದಲೇ ಅದರೊಳಗಿನ ದುಡಿಮೆ ನಮ್ಮ ಕಣ್ಣಿಗೆ ದುಡಿಮೆಯಾಗಿ ಕಂಡಿಲ್ಲ.

ಗ್ಯಾಲರಿಯಲ್ಲಿ ಕೂತು ನಾವೆಲ್ಲರೂ ಡೇರೆಯ ಮುಂಭಾಗವನ್ನು ನೋಡಿದವರೇ. ಇವತ್ತು ಹಿಂಭಾಗಕ್ಕೆ ಹೋಗೋಣ. ಅಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಡೇರೆಗಳಿರುತ್ತವೆ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಒಲೆ ಉರಿಯುತ್ತಿರುತ್ತದೆ, ತೊಟ್ಟಿಲು ತೂಗುತ್ತಿರುತ್ತದೆ. ಅಲ್ಲಿರುವ ಯಾರನ್ನೇ ಕೇಳಿ, ಮಾಲೀಕನಿಂದ ಹಿಡಿದು ಗೂಟ ಬಡಿಯುವ ಆಳಿನವರೆಗೆ, "ನಾವೆಲ್ಲ ಒಂದೇ ಸಂಸಾರ" ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಈ ಮಾತಿನಲ್ಲಿ ಎಷ್ಟು ಪ್ರೀತಿಯಿದೆ, ಎಷ್ಟು ಮೋಸವಿದೆ ಎಂಬುದನ್ನು ಬೇರೆ ಬೇರೆ ಮಾಡಿ ನೋಡುವುದೇ ಈ ಭಾಷಣದ ಉದ್ದೇಶ.

ಮೊದಲು ಚರಿತ್ರೆಯನ್ನು ಸ್ವಲ್ಪ ನೋಡೋಣ.

ಹಗ್ಗದ ಮೇಲೆ ನಡೆಯುವುದು, ಬಿದಿರಿನ ತುದಿಯಲ್ಲಿ ಮೈ ತಿರುಗಿಸುವುದು, ಲಾಗ ಹಾಕುವುದು ನಮ್ಮ ನಾಡಿಗೆ ಹೊಸದಲ್ಲ. ದೊಂಬರು ಇದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು. ತಂದೆ ಡೋಲು ಬಡಿದರೆ ಮಗಳು ಹಗ್ಗದ ಮೇಲೆ ನಡೆಯುತ್ತಾಳೆ, ತಾಯಿ ತಟ್ಟೆ ಹಿಡಿದು ಸುತ್ತು ಬರುತ್ತಾಳೆ. ಇಂಥ ವಿದ್ಯೆಗೆ ನಾವು ಕೊಟ್ಟ ಮರ್ಯಾದೆ ಏನು? "ದೊಂಬರಾಟ ಆಡಬೇಡ" ಎಂಬ ಬೈಗುಳ. ಅಲೆದು ಬದುಕುವ ಅನೇಕ ಜನಾಂಗಗಳನ್ನು ಬ್ರಿಟಿಷ್ ಸರ್ಕಾರ 1871ರ ಕಾಯ್ದೆಯಿಂದ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿತು. ಊರಿಂದ ಊರಿಗೆ ಹೋಗುವುದೇ ತಪ್ಪಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು, ಆ ಕಳಂಕ ಕಾಗದದ ಮೇಲಿನಿಂದ ಹೋಯಿತು. ಜನರ ಮನಸ್ಸಿನಿಂದ ಅದು ಇನ್ನೂ ಪೂರ್ತಿ ಹೋಗಿಲ್ಲ. ಅಲೆಯುವವನನ್ನು ಕಂಡರೆ ಊರಿಗೆ ಅನುಮಾನ. ಸರ್ಕಸ್ಸಿನವರು ಇಂದಿಗೂ ಈ ಅನುಮಾನದ ಪಾಲನ್ನು ಉಣ್ಣುತ್ತಿದ್ದಾರೆ.

ಈಗಿನ ಬಗೆಯ ಸರ್ಕಸ್ಸು ಬಂದದ್ದು ಯುರೋಪಿನಿಂದ. 1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಎಂಬ ದಂಡಿನ ಸವಾರನೊಬ್ಬ ಕುದುರೆಯನ್ನು ವೃತ್ತಾಕಾರವಾಗಿ ಓಡಿಸುತ್ತ ಅದರ ಬೆನ್ನ ಮೇಲೆ ನಿಂತು ಆಟ ತೋರಿಸಿದ. ಅವನು ಗೊತ್ತು ಮಾಡಿದ 42 ಅಡಿ ಅಡ್ಡಳತೆಯ ಕಣವೇ ಜಗತ್ತಿನ ಸರ್ಕಸ್ಸುಗಳ ಕಣವಾಯಿತು. 1879ರಲ್ಲಿ ಕಿಯಾರಿನಿ ಎಂಬ ಇಟಲಿಯವನ ಕಂಪನಿ ಮುಂಬಯಿಗೆ ಬಂತು. ಕೃಷ್ಣಾ ತೀರದ ಕುರುಂದವಾಡ, ನರಸೋಬನ ವಾಡಿಯ ನೆರೆಯ ಊರು, ನಮ್ಮ ಬೆಳಗಾವಿ ಸೀಮೆಯವರಿಗೆ ಪರಿಚಿತವಾದದ್ದು. ಅಲ್ಲಿನ ಅರಸರ ಲಾಯದಲ್ಲಿ ವಿಷ್ಣುಪಂತ ಛತ್ರೆ ಎಂಬವರು ಕುದುರೆ ಪಳಗಿಸುವ ಅಧಿಕಾರಿಯಾಗಿದ್ದರು. ಅವರು ಆ ಆಟ ನೋಡಿ, ನಮ್ಮವರೂ ಇದನ್ನು ಮಾಡಬಲ್ಲರು ಎಂದು ಹಠ ತೊಟ್ಟು, 1880ರ ಮಾರ್ಚ್ 20ರಂದು ಮುಂಬಯಿಯಲ್ಲಿ ತಮ್ಮ ಸ್ವಂತ ಸರ್ಕಸ್ಸಿನ ಮೊದಲ ಆಟ ಆಡಿಸಿದರು.

ಛತ್ರೆಯವರಿಗೆ ಕುದುರೆಯ ವಿದ್ಯೆ ಗೊತ್ತಿತ್ತು. ಮೈಯ ವಿದ್ಯೆಯ ಜನ ಬೇಕಾಗಿತ್ತು. ಅವರು ಸಿಕ್ಕಿದ್ದು ಮಲಬಾರಿನ ತಲಶ್ಶೇರಿಯಲ್ಲಿ. ಮಂಗಳೂರಿನಿಂದ ರೈಲಿನಲ್ಲಿ ತೆಂಕಣಕ್ಕೆ ಹೋದರೆ ಕಣ್ಣೂರು ದಾಟಿದ ಮೇಲೆ ಸಿಗುವ ಊರದು. ಅಲ್ಲಿ ಕೀಲೇರಿ ಕುಞ್ಞಿಕ್ಕಣ್ಣನ್ ಎಂಬ ಗುರುಗಳು ಇದ್ದರು. ಕಳರಿಪಯಟ್ಟಿನಲ್ಲಿ ಪಳಗಿದ ಮೈ. ಮೇಲೆ ಪಾಶ್ಚಾತ್ಯ ಅಂಗಸಾಧನೆ. ಮಂಗಳೂರಿಗೆ ಹೆಂಚಿನ ಕಾರ್ಖಾನೆ ತಂದ ಅದೇ ಬಾಸೆಲ್ ಮಿಶನ್ನಿನವರ ಶಾಲೆಯಲ್ಲಿ ಅವರು ಅಂಗಸಾಧನೆಯ ಶಿಕ್ಷಕರಾಗಿದ್ದರು. ಛತ್ರೆಯವರ ಕೋರಿಕೆಯ ಮೇಲೆ ಅವರು ಹುಡುಗರನ್ನು ಸರ್ಕಸ್ಸಿಗಾಗಿ ತಯಾರು ಮಾಡತೊಡಗಿದರು. 1901ರಲ್ಲಿ ಊರ ಹತ್ತಿರದ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. 1904ರಲ್ಲಿ ಅವರ ಶಿಷ್ಯ ಪರಿಯಾಳಿ ಕಣ್ಣನ್ ಮಲಬಾರಿನ ಮೊದಲ ಸರ್ಕಸ್ ಕಂಪನಿ ಕಟ್ಟಿದರು. ಅಂದಿನಿಂದ ಹಲವು ದಶಕಗಳ ಕಾಲ ಇಂಡಿಯಾದ ಯಾವ ಮೂಲೆಯಲ್ಲಿ ಡೇರೆ ಎದ್ದರೂ ಅದರೊಳಗೆ ತಲಶ್ಶೇರಿಯ ಮೈಗಳು ಇದ್ದೇ ಇರುತ್ತಿದ್ದವು. 1951ರ ಆಗಸ್ಟ್ 15ರಂದು ಗುಜರಾತಿನ ಬಿಲಿಮೋರದಲ್ಲಿ ಜೆಮಿನಿ ಸರ್ಕಸ್ಸನ್ನು ಆರಂಭಿಸಿದ ಎಂ. ವಿ. ಶಂಕರನ್ ಕೂಡ ಹುಡುಗನಾಗಿದ್ದಾಗ ಕುಞ್ಞಿಕ್ಕಣ್ಣನ್ ಗುರುಗಳ ಬಳಿ ಕಲಿತವರು. ಸುಮಾರು ನೂರು ವರ್ಷ ಬಾಳಿ 2023ರಲ್ಲಿ ಅವರು ತೀರಿಕೊಂಡರು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಸರ್ಕಸ್ಸು "ವಂಶಪರಂಪರೆಯ ಕಲೆ" ಎಂದು ಜನ ಹೇಳುತ್ತಾರೆ. ಮಲಬಾರಿನಲ್ಲಿ ಅದು ವಂಶದಿಂದ ಶುರುವಾಗಲಿಲ್ಲ, ಶಾಲೆಯಿಂದ ಶುರುವಾಯಿತು. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ತೀಯರು ಮೊದಲಾದ ಕೆಳಗೆ ತುಳಿಯಲ್ಪಟ್ಟ ಜಾತಿಗಳ ಬಡಮಕ್ಕಳು. ತೀಯರೆಂದರೆ ನಮ್ಮ ಕರಾವಳಿಯ ಬಿಲ್ಲವರಂತೆ ಮರ ಹತ್ತಿ ಹೆಂಡ ಇಳಿಸುತ್ತಿದ್ದ ಜನ. ಮೇಲುಜಾತಿಯವರಿಂದ ಇಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂದು ಅಳೆದು ಹೇಳುತ್ತಿದ್ದ ಕಾಲದಲ್ಲಿ, ಅವರ ಮಕ್ಕಳು ಡೇರೆಯ ನೆತ್ತಿಯಲ್ಲಿ ಹಾರಿದರು. ಜಮೀನ್ದಾರರು ಕತ್ತೆತ್ತಿ ನೋಡಿದರು. ಬಂಗಾಳದಲ್ಲಿ ಪ್ರಿಯನಾಥ ಬೋಸರ ಸರ್ಕಸ್ಸಿನಲ್ಲಿ ಸುಶೀಲಾ ಸುಂದರಿ ಎಂಬಾಕೆ ಹುಲಿಯ ಬೋನಿಗೆ ಇಳಿದು ಹೆಸರಾದಳು. ಹೆಣ್ಣು ಹೊಸಿಲು ದಾಟಿದರೆ ಮಾತಾಡುತ್ತಿದ್ದ ಕಾಲವದು. ಹಾಗಾಗಿ ಸರ್ಕಸ್ಸು ಅನೇಕರಿಗೆ ಬಿಡುಗಡೆಯ ಬಾಗಿಲಾಗಿತ್ತು. ಇದನ್ನು ಮರೆತು ಸರ್ಕಸ್ಸನ್ನು ಬೈದರೆ ಅನ್ಯಾಯವಾಗುತ್ತದೆ.

ಆದರೆ ದೊಂಬರ ಆಟಕ್ಕೂ ಇದಕ್ಕೂ ಒಂದು ವ್ಯತ್ಯಾಸ ಬಂತು. ದೊಂಬರ ಹಗ್ಗ ದೊಂಬರದೇ. ತಟ್ಟೆಗೆ ಬಿದ್ದ ಕಾಸು ಅವರದೇ, ಬೀಳದಿದ್ದರೆ ಉಪವಾಸವೂ ಅವರದೇ. ಸರ್ಕಸ್ಸಿನಲ್ಲಿ ಆಟ ಹೆಚ್ಚುಕಡಿಮೆ ಅದೇ. ಅದರ ಸುತ್ತ ಡೇರೆ ಬಂತು, ಡೇರೆಗೆ ಬಾಗಿಲು ಬಂತು, ಬಾಗಿಲಿಗೆ ಟಿಕೇಟು ಬಂತು, ಟಿಕೇಟಿನ ಪೆಟ್ಟಿಗೆಗೆ ಯಜಮಾನ ಬಂದ. ಮೈ ಕಲಿತದ್ದು ಕಲಾವಿದನದು, ಕಂಬ ಮತ್ತು ಬಟ್ಟೆ ಯಜಮಾನನದು. ನೇಕಾರನ ಕೈಯಿಂದ ಮಗ್ಗ ಹೋಗಿ ಅವನು ಗಿರಣಿಗೆ ಬಂದ ಕಥೆಯೂ ಇದೇ ತಾನೆ? ಸರ್ಕಸ್ಸಿನ ಮಾತು ನಮಗೆ ದೂರದ ಮಾತಲ್ಲ ಎಂದು ಇದಕ್ಕಾಗಿಯೇ ಹೇಳುತ್ತೇವೆ.

ಇನ್ನು ಅಲ್ಲಿನ ದಿನಚರಿ ನೋಡೋಣ.

ಹೊಸ ಊರಿಗೆ ಕಂಪನಿ ಬರುವ ಮೊದಲೇ ಒಬ್ಬ ಗುಮಾಸ್ತ ಬಂದು ಮೈದಾನದ ಬಾಡಿಗೆ, ನೀರು, ದೀಪ, ಪೊಲೀಸರ ಪರವಾನಗಿ ಇವನ್ನೆಲ್ಲ ಮುಗಿಸಿರುತ್ತಾನೆ. ಹಿಂದೆ ರೈಲಿನ ವ್ಯಾಗನ್ನುಗಳಲ್ಲಿ, ಈಚೆಗೆ ಲಾರಿಗಳಲ್ಲಿ, ಸಾಮಾನು ಬರುತ್ತದೆ. ನಡುಗಂಬಗಳನ್ನು ಎತ್ತುವುದು, ಸುತ್ತ ಗೂಟ ಬಡಿಯುವುದು, ಹಗ್ಗ ಬಿಗಿಯುವುದು, ಗ್ಯಾಲರಿಯ ಹಲಗೆ ಜೋಡಿಸುವುದು: ಇದು ಕೂಲಿಯಾಳುಗಳ ದುಡಿಮೆ. ಆಟಗಾರನ ಹೆಸರು ಗೋಡೆಯ ಚಿತ್ರದಲ್ಲಾದರೂ ಬಂದೀತು. ಗೂಟ ಬಡಿದವನ ಹೆಸರು ಎಲ್ಲಿಯೂ ಬಾರದು. ಅವನ ಗೂಟ ಸಡಿಲವಾದರೆ ಮಾತ್ರ ಮೇಲೆ ಹಾರುವವಳ ಪ್ರಾಣ ಹೋಗುತ್ತದೆ. ಮಳೆ ಬಂದ ರಾತ್ರಿ ಡೇರೆಯವರೆಲ್ಲ ಎದ್ದು ಹಗ್ಗ ನೋಡುತ್ತಾರೆ. ಒದ್ದೆಯಾದ ಹಗ್ಗ ಬಿಗಿಯುತ್ತದೆ, ಒಣಗಿದರೆ ಸಡಿಲವಾಗುತ್ತದೆ, ನೆನೆದ ಮಣ್ಣು ಗೂಟವನ್ನು ಬಿಟ್ಟುಕೊಡುತ್ತದೆ. ಆ ಹೊತ್ತಿನಲ್ಲಿ ಹೆಸರಾಂತ ಆಟಗಾರ, ಅಡಿಗೆಯವ ಎಂಬ ಭೇದವಿಲ್ಲ. "ಒಂದೇ ಸಂಸಾರ" ಎಂಬ ಮಾತು ಅಲ್ಲಿ ಸತ್ಯ.

ಬೆಳಗಿನ ಜಾವ ಸಾಧನೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ದಿನಕ್ಕೆ ಎರಡು ಅಥವಾ ಮೂರು ಆಟ. ಒಬ್ಬಳೇ ಹೆಣ್ಣುಮಗಳು ಒಂದು ಆಟದಲ್ಲಿ ಸೈಕಲ್ಲಿನ ಮೇಲೆ ಬರುತ್ತಾಳೆ, ಇನ್ನೊಂದರಲ್ಲಿ ಹಗ್ಗದ ಮೇಲೆ, ಮತ್ತೊಂದರಲ್ಲಿ ಉಯ್ಯಾಲೆಯಲ್ಲಿ. ನಡುವೆ ಉಡುಪು ಬದಲಾಯಿಸಿಕೊಳ್ಳಲು ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಜೋಕರ್ ನಮ್ಮನ್ನು ನಗಿಸುತ್ತಿರುತ್ತಾನೆ. ಜೋಕರ್ ಇರುವುದು ನಗಿಸಲಿಕ್ಕೆ ಮಾತ್ರವಲ್ಲ. ಒಂದು ಆಟದ ಸಾಮಾನು ತೆಗೆದು ಇನ್ನೊಂದರದು ಕಟ್ಟುವಾಗ ಜನರ ಕಣ್ಣು ಬೇರೆಡೆ ಇರಬೇಕು, ಅದಕ್ಕಾಗಿ ಕೂಡ. ಅನೇಕ ವೇಳೆ ಈ ಜೋಕರ್ ಕುಳ್ಳ ದೇಹದವನು. ಊರಿನಲ್ಲಿ ಅವನಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ. ಡೇರೆ ಕೊಟ್ಟಿತು, ಅವನ ಕುಳ್ಳುತನವನ್ನೇ ಕೆಲಸ ಮಾಡಿ ಕೊಟ್ಟಿತು.

ಹಾರುವ ಉಯ್ಯಾಲೆಯ ಆಟವನ್ನು ಟ್ರೆಪೀಜ್ ಎನ್ನುತ್ತಾರೆ. ಅದರಲ್ಲಿ ಹಾರುವವರಿಗೆ ಹೆಸರು. ಆದರೆ ಆಟ ನಿಂತಿರುವುದು ಕ್ಯಾಚರ್ ಎನ್ನುವವನ ಮೇಲೆ. ಅವನು ಎದುರಿನ ಉಯ್ಯಾಲೆಯಲ್ಲಿ ಮಂಡಿಯಿಂದ ತಲೆಕೆಳಗಾಗಿ ಜೋತು, ಜೀಕಿನ ಲೆಕ್ಕ ಹಿಡಿದಿರುತ್ತಾನೆ. ಹಾರುವವಳು ತನ್ನ ಜೀಕು ತುದಿ ಮುಟ್ಟಿದಾಗ ಕೋಲು ಬಿಡಬೇಕು; ತುಸು ಮುಂಚೆ ಬಿಟ್ಟರೂ, ತುಸು ತಡವಾದರೂ ಇಬ್ಬರೂ ಭೇಟಿಯಾಗುವುದಿಲ್ಲ. ಹಿಡಿತ ಕೈಗೆ ಕೈಯಲ್ಲ, ಮಣಿಕಟ್ಟಿಗೆ ಮಣಿಕಟ್ಟು. ಒಬ್ಬರ ಬೆವರು ಇನ್ನೊಬ್ಬರ ಸಾವಾದೀತೆಂದು ಅಂಗೈಗೆ ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ. ಕೆಳಗಿನ ಬಲೆಗೆ ಬೀಳುವುದನ್ನೂ ಕಲಿಯಬೇಕು. ಬೆನ್ನಿನ ಮೇಲೆ ಬಿದ್ದರೆ ಬದುಕು. ಕೈಯೂರಿದರೆ ಕೈ ಮುರಿತ, ಕತ್ತೂರಿದರೆ ಕಥೆ ಮುಗಿಯಿತು.

ಹಿಂದಿನ ದಿನ ಈ ಇಬ್ಬರ ನಡುವೆ ಜಗಳವಾಗಿದ್ದರೆ? ಮರುದಿನ ಆಟದ ವೇಳೆಗೆ ಅದು ತೀರಿರಲೇಬೇಕು. ಹಾಗಾಗಿ ಡೇರೆಯಲ್ಲಿ ಜಗಳ ಬೆಳೆಯಲು ಬಿಡುವುದಿಲ್ಲ. ಮಲಯಾಳಿ, ಮರಾಠಿ, ಬಂಗಾಳಿ, ನೇಪಾಳಿ, ಬಿಹಾರಿ ಎಲ್ಲರೂ ಒಂದೇ ಅಡಿಗೆಮನೆಯಲ್ಲಿ ಉಣ್ಣುತ್ತಾರೆ. ನಿನ್ನನ್ನು ಮೇಲೆ ಹಿಡಿಯುವವನ ಜಾತಿ ಕೇಳುತ್ತ ಕೂತರೆ ನೀನು ಕೆಳಗಿರುತ್ತೀಯೆ. ನಮ್ಮ ಊರುಗಳಲ್ಲಿ ನೂರು ಭಾಷಣಗಳಿಂದ ಆಗದ ಕೆಲಸವನ್ನು ಅಲ್ಲಿ ಕಸುಬು ಮಾಡಿದೆ. ಮದುವೆಗಳೂ ಅಲ್ಲೇ ಆಗುತ್ತವೆ, ಭಾಷೆ ದಾಟಿ, ಜಾತಿ ದಾಟಿ.

ಮಕ್ಕಳು ಹುಟ್ಟುತ್ತವೆ. ಕಸುಬು ತಂದೆತಾಯಿಯಿಂದ ಮಕ್ಕಳಿಗೆ ಹೋಗುತ್ತದೆ. ಇದನ್ನು "ರಕ್ತದಲ್ಲಿ ಬಂದದ್ದು" ಎನ್ನುತ್ತಾರೆ. ರಕ್ತದಲ್ಲಿ ಯಾವ ಕಸುಬೂ ಬರುವುದಿಲ್ಲ, ಬರುವುದು ಜಾಗದಿಂದ. ಮೂರು ತಿಂಗಳಿಗೊಂದು ಊರಾದರೆ ಮಗು ಯಾವ ಶಾಲೆಗೆ ಹೋಗಬೇಕು? ಇಂದು ಮರಾಠಿ ಅಕ್ಷರ, ನಾಳೆ ಕನ್ನಡ, ನಾಡಿದ್ದು ತಮಿಳು. ಅದರ ಕಣ್ಣೆದುರಿಗೆ ಇರುವ ಒಂದೇ ಪಾಠಶಾಲೆ 42 ಅಡಿಯ ಕಣ. ಪುಣೆಯಲ್ಲಿ 1902ರಲ್ಲಿ ಹುಟ್ಟಿದ ದಾಮೂ ಧೋತ್ರೆ ಬಂಧುವೊಬ್ಬರ ಸರ್ಕಸ್ಸಿನಲ್ಲಿ ಬಾಲಕನಾಗಿಯೇ ಕಸುಬಿಗೆ ಇಳಿದು, ಮುಂದೆ 1940ರಲ್ಲಿ ಅಮೆರಿಕಾದ ಅತಿ ದೊಡ್ಡ ಸರ್ಕಸ್ಸಾದ ರಿಂಗ್ಲಿಂಗ್ ಸೇರಿ ಜಗತ್ಪ್ರಸಿದ್ಧ ಹುಲಿ ಪಳಗಿಸುವವರಾದರು. ಅಂಥವರನ್ನು ಕಂಡು ಪರಂಪರೆ ಎಂದು ಹೊಗಳುತ್ತೇವೆ. ಹೆಸರಾಗದೆ ಹೋದ ಸಾವಿರಾರು ಬಾಲಕರಿಗೆ ಬೇರೆ ದಾರಿಯನ್ನು ಯಾರಾದರೂ ತೋರಿಸಿದ್ದರೇ? ಆಯ್ಕೆಯಿದ್ದು ತಂದೆಯ ಕಸುಬನ್ನು ಹಿಡಿದರೆ ಅದಕ್ಕೆ ಪರಂಪರೆ ಎನ್ನಿ. ಆಯ್ಕೆಯೇ ಇಲ್ಲದಿದ್ದರೆ ಅದಕ್ಕೆ ಜೀತ ಎನ್ನುವುದೇ ಸರಿ.

ಇಲ್ಲಿಗೆ "ಸಂಸಾರ"ದ ಇನ್ನೊಂದು ಮುಖಕ್ಕೆ ಬಂದೆವು.

ಮಲಬಾರಿನಲ್ಲಿ ಓದು ಹರಡಿ, ಗಲ್ಫಿನ ದಾರಿ ತೆರೆದ ಮೇಲೆ, ಅಲ್ಲಿನ ಮನೆಗಳು ಮಕ್ಕಳನ್ನು ಡೇರೆಗೆ ಕಳಿಸುವುದನ್ನು ಬಿಟ್ಟವು. ಕಂಪನಿಗಳಿಗೆ ಚಿಕ್ಕ ಮೈ ಬೇಕಾಗಿತ್ತು. ದಲ್ಲಾಳಿಗಳು ಇನ್ನೂ ಬಡವರಾದವರ ಬಾಗಿಲಿಗೆ ಹೋದರು. ನೇಪಾಳದ ಮಕವಾನಪುರ ಮೊದಲಾದ ಜಿಲ್ಲೆಗಳಿಂದ ಹೆಣ್ಣುಮಕ್ಕಳು ಬಂದರು. ತಂದೆಯ ಕೈಗೆ ಒಂದಿಷ್ಟು ಮುಂಗಡ, ಅವನು ಓದಲಾರದ ಕಾಗದದ ಮೇಲೆ ಅವನ ಹೆಬ್ಬೆಟ್ಟು, ಮಗುವಿಗೆ ವರ್ಷಗಟ್ಟಲೆ ದುಡಿಮೆ. ಬೇಲಿಯೊಳಗೆ ಹೊಡೆತ, ಅದಕ್ಕಿಂತ ಕೆಟ್ಟದ್ದೂ ನಡೆದದ್ದು ನ್ಯಾಯಾಲಯದ ಮುಂದೆ ಬಂತು. ಬಚಪನ್ ಬಚಾವೋ ಆಂದೋಲನದವರು 2006ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2011ರ ಏಪ್ರಿಲ್ 18ರಂದು ತೀರ್ಪು ಬಂತು: ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ಸರ್ಕಾರ ನಿಷೇಧಿಸಬೇಕು, ಎಲ್ಲ ಸರ್ಕಸ್ಸುಗಳನ್ನೂ ಏಕಕಾಲಕ್ಕೆ ಶೋಧಿಸಿ ಮಕ್ಕಳನ್ನು ಬಿಡಿಸಬೇಕು, ಅವರಿಗೆ ಪುನರ್ವಸತಿ ಒದಗಿಸಬೇಕು.

2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾದಾಗ ಒಂದು ವಿಚಿತ್ರ ನಡೆಯಿತು. ಶಾಲೆಯ ಹೊತ್ತಿನ ಆಚೆಗೆ, ಅಪಾಯವಿಲ್ಲದ ಕುಟುಂಬದ ಕಸುಬಿನಲ್ಲಿ ಮಗು ಸಹಾಯ ಮಾಡಬಹುದು ಎಂದಿತು ಕಾಯ್ದೆ. ಸಿನಿಮಾ, ಟೀವಿ, ಕ್ರೀಡೆಗಳಲ್ಲಿ ಮಗು ಕಲಾವಿದನಾಗಬಹುದು ಎಂದಿತು. ಸರ್ಕಸ್ಸನ್ನು ಮಾತ್ರ ಹೆಸರು ಹಿಡಿದು ಹೊರಗಿಟ್ಟಿತು. ಹಾಗಿಟ್ಟದ್ದು ಸರಿಯೇ. ಆದರೆ "ಕುಟುಂಬದ ಕಸುಬು" ಎಂಬ ಕಿಂಡಿಯನ್ನು ಇತರ ಕಸುಬುಗಳಿಗೆ ತೆರೆದಿಟ್ಟು ಸರ್ಕಸ್ಸಿಗೆ ಮುಚ್ಚಿದವರಿಗೆ ಒಂದು ಸತ್ಯ ತಿಳಿದಿತ್ತು ಎಂದಾಯಿತು: "ಕುಟುಂಬ" ಎಂಬ ಮಾತಿನ ಹಿಂದೆ ಮಗುವಿನ ಕೂಲಿ ಅಡಗಿಕೊಳ್ಳುತ್ತದೆ. ಒಂದು ಡೇರೆಯಲ್ಲಿ ಕಂಡ ಸತ್ಯ ಇತರ ಮನೆಗಳಲ್ಲಿ ಏಕೆ ಕಾಣಲಿಲ್ಲ?

ಬೆಂಕಿಯ ಮಾತನ್ನೂ ಹೇಳಲೇಬೇಕು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಹತ್ತಿ 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಆಟ ನೋಡಲು ಬಂದಿದ್ದ ಮಕ್ಕಳು. ಬಟ್ಟೆಯ ಚಾವಣಿ, ಮರದ ಹಲಗೆ, ಇಕ್ಕಟ್ಟಾದ ಬಾಗಿಲು ಇರುವ ಕಡೆ ಒಂದು ಕಿಡಿ ಸಾಕು. ನೋಡುವವರು ಆ ಚಾವಣಿಯ ಕೆಳಗೆ ಎರಡು ಮೂರು ತಾಸು ಇರುತ್ತೇವೆ. ಸರ್ಕಸ್ಸಿನವರು ಹುಟ್ಟಿನಿಂದ ಸಾವಿನವರೆಗೆ ಬಟ್ಟೆಯ ಕೆಳಗೇ ಇರುತ್ತಾರೆ, ಅದರ ಮಗ್ಗುಲಲ್ಲೇ ಒಲೆ ಹಚ್ಚುತ್ತಾರೆ. ಕಾರ್ಖಾನೆಯಲ್ಲಿ ಬೆಂಕಿಯ ಬಾಗಿಲು ಎಲ್ಲಿ ಎಂದು ಕೇಳುವ ನಾವು ಡೇರೆಯಲ್ಲಿಯೂ ಅದನ್ನು ಕೇಳಬೇಕು.

ಪ್ರಾಣಿಗಳ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಆಡಿಸಕೂಡದೆಂದು ಕೇಂದ್ರ ಸರ್ಕಾರ 1991ರಲ್ಲಿ ಮತ್ತು ತಿರುಗಿ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಕೇರಳದ ಉಚ್ಚ ನ್ಯಾಯಾಲಯ 2000ದಲ್ಲಿ, ಸರ್ವೋಚ್ಚ ನ್ಯಾಯಾಲಯ 2001ರ ಮೇ 1ರಂದು ನಿಷೇಧವನ್ನು ಎತ್ತಿ ಹಿಡಿದವು. ಬೋನಿನಲ್ಲಿ ಹುಟ್ಟಿ ಬೋನಿನಲ್ಲೇ ಸಾಯುವ ಪ್ರಾಣಿಯ ಪರವಾಗಿ ಬಂದ ತೀರ್ಪನ್ನು ನಾವು ಸ್ವಾಗತಿಸುತ್ತೇವೆ. ಆ ತೀರ್ಪು ಬಂದದ್ದು ಕಾರ್ಮಿಕರ ದಿನದಂದು. ಆದರೆ ಬೋನು ತೊಳೆಯುತ್ತಿದ್ದವನು, ಮೇವು ಮಾಂಸ ಕೊಡುತ್ತಿದ್ದವನು, ಪ್ರಾಣಿ ಪಳಗಿಸುತ್ತಿದ್ದವನು ನಾಳೆಯಿಂದ ಏನು ಮಾಡಬೇಕು ಎಂದು ಯೋಚಿಸಿದವರು ಕಡಿಮೆ. ಪ್ರಾಣಿಗಳಿಗೆ ಆಶ್ರಯಧಾಮ ಕಟ್ಟಿದರು. ಅವನಿಗೆ ಏನನ್ನೂ ಕಟ್ಟಲಿಲ್ಲ. ಪ್ರಾಣಿಗೆ ಕರುಣೆ, ಮನುಷ್ಯನಿಗೆ ಮರೆವು: ಇಂಥ ಸುಧಾರಣೆ ಅರ್ಧ ಸುಧಾರಣೆ.

ಹೀಗಿರಲು ಸರ್ಕಸ್ಸಿನವರು ತಮ್ಮ ಹಕ್ಕಿಗಾಗಿ ಗಟ್ಟಿಯಾಗಿ ಏಕೆ ನಿಲ್ಲಲಿಲ್ಲ ಎಂದು ಕೇಳಬಹುದು. ಅದೇ ಕಣ್ಣೂರು ಸೀಮೆಯ ಬೀಡಿ ಕೆಲಸಗಾರರನ್ನು ನೋಡಿ. ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಕೇಳುತ್ತ ಬೀಡಿ ಸುತ್ತುತ್ತಿದ್ದರು. ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಹಂಚಿಕೊಂಡು ಸುತ್ತಿಕೊಡುತ್ತಿದ್ದರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬಂದಾಗ ದೊಡ್ಡ ಮಾಲೀಕರು ಕಾರ್ಖಾನೆ ಮುಚ್ಚಿ ಹೊರಟುಹೋದರು. ಸುಮಾರು 12,000 ಜನ ಬೀದಿಗೆ ಬಿದ್ದರು. ಅವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿ ತಮ್ಮ ಕೆಲಸಕ್ಕೆ ತಾವೇ ಒಡೆಯರಾದರು. ಅದೇ ನೆಲ, ಅದೇ ಜನ. ಒಂದೇ ಕೇರಿಯಲ್ಲಿ ಅಣ್ಣ ಬೀಡಿಗೆ ಹೋದರೆ ತಂಗಿ ಡೇರೆಗೆ ಹೋಗಿರಬಹುದು. ಅಣ್ಣನಿಗೆ ಸಂಘ ಸಿಕ್ಕಿತು, ತಂಗಿಗೆ ಸಿಗಲಿಲ್ಲ. ಏಕೆಂದರೆ ಅಣ್ಣ ಮುಷ್ಕರ ಹೂಡಿದರೆ ಸಂಜೆ ತನ್ನ ಮನೆಗೆ ಹೋಗಿ ಗಂಜಿಯನ್ನಾದರೂ ಕುಡಿಯಬಲ್ಲ. ತಂಗಿ ಮುಷ್ಕರ ಹೂಡಿದರೆ ಅವಳ ಕೂಲಿ, ಊಟ, ಮಲಗುವ ಜಾಗ, ಮಗುವಿನ ತೊಟ್ಟಿಲು ಎಲ್ಲವೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಅವೆಲ್ಲ ಇರುವುದು ಯಜಮಾನನ ಬೇಲಿಯೊಳಗೆ. ಪರಊರು, ಪರಭಾಷೆ, ಬೇಲಿಯ ಆಚೆ ಪರಿಚಿತರು ಒಬ್ಬರೂ ಇಲ್ಲ. ಅನ್ನ ಹಾಕುವವನು ಅಪ್ಪನ ಸ್ಥಾನದಲ್ಲಿ ಕೂತಮೇಲೆ ಅವನ ಹತ್ತಿರ ಲೆಕ್ಕ ಕೇಳಲು ನಾಲಗೆ ಏಳುವುದಿಲ್ಲ.

ಒಳ್ಳೆಯ ಯಜಮಾನರೇ ಇಲ್ಲವೇ? ಇದ್ದಾರೆ. ಕಲಾವಿದರಾಗಿದ್ದು ಯಜಮಾನರಾದವರೂ ಇದ್ದಾರೆ. ಕಾಯಿಲೆಯಾದಾಗ ಕೈಬಿಡದವರು, ಮದುವೆ ಮಾಡಿಸಿದವರು, ನಷ್ಟದಲ್ಲೂ ಸಂಬಳ ನಿಲ್ಲಿಸದವರು ಇದ್ದಾರೆ. ಟಿಕೇಟು ಖರ್ಚಾಗದೆ, ಮೈದಾನ ಸಿಗದೆ, ಬಾಡಿಗೆ ಏರಿ ಅವರೂ ಸೋತಿದ್ದಾರೆ. 2020ರ ಮಾರ್ಚಿನಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗ ಡೇರೆಗಳು ಇದ್ದಲ್ಲಿಯೇ ನಿಂತವು. ಊರವರು ಕೊಟ್ಟ ಅಕ್ಕಿಬೇಳೆಯ ಮೇಲೆ ಯಜಮಾನ, ಆಳು ಇಬ್ಬರೂ ದಿನ ಕಳೆದ ಕಂಪನಿಗಳಿದ್ದವು. ನಾವು ಆ ವ್ಯಕ್ತಿಗಳನ್ನು ದೂರುತ್ತಿಲ್ಲ. ನಮ್ಮ ಮಾತು ಇಷ್ಟೆ: ಹಕ್ಕಾಗಿ ಬರಬೇಕಾದದ್ದು ದಯೆಯಾಗಿ ಬಂದರೆ, ದಯೆ ನಿಂತ ದಿನ ಕೇಳಲು ಬಾಯಿರುವುದಿಲ್ಲ.

ಈ ಬಾಯಿಲ್ಲದಿರುವಿಕೆ ಎದ್ದು ಕಾಣುವುದು ಮುಪ್ಪಿನಲ್ಲಿ. ಗಿರಣಿಯ ಕೆಲಸಗಾರ ಐವತ್ತೆಂಟು ಅರವತ್ತರವರೆಗೆ ದುಡಿಯುತ್ತಾನೆ. ಹಾರುವವಳ ಆಯುಷ್ಯ ಮೂವತ್ತೈದು ನಲವತ್ತಕ್ಕೆ ಮುಗಿಯಿತು. ಭುಜ ಸವೆದಿರುತ್ತದೆ, ಸೊಂಟ ಮುರಿದು ಕೂಡಿರುತ್ತದೆ. ಆಮೇಲೆ ಅದೇ ಡೇರೆಯಲ್ಲಿ ಅಡಿಗೆ, ಉಡುಪು ಹೊಲಿಯುವುದು, ಟಿಕೇಟು ಹರಿಯುವುದು, ಇಲ್ಲವೆ ಯಾವುದೋ ಹಳ್ಳಿಯಲ್ಲಿ ಬಂಧುಗಳ ಮನೆಯ ಮೂಲೆ. ಮೂವತ್ತು ವರ್ಷ ದುಡಿದದ್ದಕ್ಕೆ ಅವಳ ಕೈಯಲ್ಲಿ ಇರುವ ದಾಖಲೆ ಹಳೆಯ ಫೋಟೋ ಒಂದೆರಡು. ಕೇರಳ ಸರ್ಕಾರ ಮುಪ್ಪಾದ ಸರ್ಕಸ್ ಕಲಾವಿದರಿಗೆ ಪಿಂಚಣಿ ಗೊತ್ತು ಮಾಡಿದ್ದು ಒಳ್ಳೆಯ ಕೆಲಸ. 2010ರಲ್ಲಿ ತಲಶ್ಶೇರಿಯಲ್ಲಿ ಸರ್ಕಾರದ ಸರ್ಕಸ್ ಅಕಾಡೆಮಿಯೂ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಕಲಿತವರಿಗೆ ಮುಂದೆ ಭದ್ರವಾದ ಕೆಲಸ ಇಲ್ಲದಿದ್ದರೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ?

ಮಕ್ಕಳನ್ನು ಸೇರಿಸದಿದ್ದರೆ ಕಲೆಯೇ ಸಾಯುತ್ತದೆ ಎನ್ನುವವರಿದ್ದಾರೆ. ಅವರಿಗೆ ಒಂದು ಉದಾಹರಣೆ ಹೇಳುತ್ತೇವೆ. ಸೋವಿಯೆತ್ ರಷ್ಯಾ 1919ರಲ್ಲಿ ಸರ್ಕಸ್ಸುಗಳನ್ನು ರಾಷ್ಟ್ರೀಕರಿಸಿ, 1927ರಲ್ಲಿ ಮಾಸ್ಕೋದಲ್ಲಿ ಸರ್ಕಸ್ ಶಾಲೆ ತೆರೆಯಿತು. ಓದು, ಸಂಗೀತ, ಅಂಗಸಾಧನೆ ಕೂಡಿ ನಡೆದವು, ಕಲಾವಿದ ಸಂಬಳಗಾರನಾದ. ಅಲ್ಲಿನ ಒಂದೇ ಪಕ್ಷದ ಆಳ್ವಿಕೆಯನ್ನು ನಾವು ಎಂದೂ ಒಪ್ಪಿದವರಲ್ಲ, ಆ ಆಳ್ವಿಕೆ 1991ರಲ್ಲಿ ಮುಗಿದೂ ಹೋಯಿತು. ಆದರೆ ಕಲಿಯುವ ಮಗು ಬೇರೆ, ದುಡಿಯುವ ಮಗು ಬೇರೆ ಎಂಬ ಪಾಠ ನಿಲ್ಲುವಂಥದ್ದು. ಈ ಪಾಠಕ್ಕೆ ಮಾಸ್ಕೋವರೆಗೆ ಹೋಗಬೇಕಾಗಿಯೂ ಇಲ್ಲ. ಕುಞ್ಞಿಕ್ಕಣ್ಣನ್ ಗುರುಗಳ ಶಾಲೆ ಅದಕ್ಕಿಂತ 26 ವರ್ಷ ಮೊದಲಿನದು. ನಮ್ಮ ಪರಂಪರೆಯ ಬೇರು ಶಾಲೆಯಲ್ಲಿದೆ, ಮುಂಗಡದ ಕಾಗದದಲ್ಲಿ ಅಲ್ಲ.

ಈಗ ನಾವು ಮಾಡಬೇಕಾದದ್ದೇನು? ದೂರದ ದಿಲ್ಲಿಯ ಮಾತು ಹಾಗಿರಲಿ, ನಮ್ಮ ಪಟ್ಟಣದಲ್ಲಿಯೇ ಮಾಡಬಹುದಾದದ್ದನ್ನು ಹೇಳುತ್ತೇವೆ.

ಒಂದು: ಮೈದಾನಕ್ಕೆ ಪರವಾನಗಿ ಕೊಡುವಾಗ ಪುರಸಭೆ ಬಾಡಿಗೆಯ ಹಣ ಎಣಿಸಿ ಸುಮ್ಮನಾಗಕೂಡದು. ಬೆಂಕಿಯ ಬಾಗಿಲು, ಬಲೆ, ಹಗ್ಗ, ನೀರು, ಕಕ್ಕಸು ಇವನ್ನು ಪರೀಕ್ಷಿಸಬೇಕು; ಪ್ರತಿಯೊಬ್ಬ ಕೆಲಸಗಾರನ ಹೆಸರು, ಸಂಬಳ, ಅಪಘಾತ ವಿಮೆ ಇರುವ ಪುಸ್ತಕವನ್ನು ಕೇಳಿ ನೋಡಬೇಕು. ಅಷ್ಟು ಮಾಡಿದ ಕಂಪನಿಗೆ ಮೈದಾನದ ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಯಜಮಾನನಿಗೂ ಅನುಕೂಲ.

ಎರಡು: 2021ರಿಂದ ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ನೋಂದಣಿ ಬಂದಿದೆ. ಪಡಿತರ ಚೀಟಿಯನ್ನು ಯಾವ ರಾಜ್ಯದಲ್ಲಾದರೂ ತೋರಿಸಿ ಧಾನ್ಯ ಪಡೆಯುವ ಏರ್ಪಾಡೂ ಆಗಿದೆ. ಡೇರೆಯವರಲ್ಲಿ ಎಷ್ಟು ಜನಕ್ಕೆ ಇದು ತಿಳಿದಿದೆ? ಗಿರಣಿ ಸಂಘದ ನಾಲ್ಕು ಜನ ಕಾಗದ ಪೆನ್ನು ಹಿಡಿದು ಒಂದು ಮಧ್ಯಾಹ್ನ ಹೋಗಿ ಕೂತರೆ ಆಗುವ ಕೆಲಸ. ಊರಿಲ್ಲದವನಿಗೆ ಸಂಘವೇ ಊರಾಗಬೇಕು.

ಮೂರು: 2009ರ ಶಿಕ್ಷಣ ಹಕ್ಕಿನ ಕಾಯ್ದೆಯಂತೆ 6ರಿಂದ 14 ವರ್ಷದ ಯಾವ ಮಗುವನ್ನೂ ಶಾಲೆ ಹಿಂದಕ್ಕೆ ಕಳಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸರಿ. ಡೇರೆ ನಮ್ಮ ಊರಲ್ಲಿರುವ ಒಂದು ತಿಂಗಳಾದರೂ ಆ ಮಕ್ಕಳು ನಮ್ಮ ಮಕ್ಕಳ ಪಕ್ಕದಲ್ಲಿ ಕೂರಲಿ. ಕಣದಲ್ಲಿ ಮಗು ದುಡಿಯುತ್ತಿರುವುದು ಕಂಡರೆ ಚಪ್ಪಾಳೆ ತಟ್ಟಕೂಡದು, ದೂರು ಕೊಡಬೇಕು.

ನಾಲ್ಕು: ಇದು ಪೇಟೆಯ ಸ್ನೇಹಿತರಿಗೆ. ಡೇರೆ ಬಂದ ತಿಂಗಳು ಚಹಾದ ಅಂಗಡಿಯಿಂದ ಹಿಡಿದು ತರಕಾರಿಯವರೆಗೆ ವ್ಯಾಪಾರ ಏರುವುದು ನಿಮಗೆ ಗೊತ್ತು. ಆದರೂ "ಸರ್ಕಸ್ಸಿನವರು, ನಾಳೆ ಎದ್ದು ಹೋಗುವವರು" ಎಂದು ಅವರಿಗೆ ಬೆಲೆ ಏರಿಸುವುದು, ಏಕವಚನದಲ್ಲಿ ಮಾತಾಡುವುದು ನಡೆಯುತ್ತದೆ. ಆ ಹೆಣ್ಣುಮಕ್ಕಳು ಸಂತೆಗೆ ಬಂದಾಗ ಪುಂಡರು ಕೂಗುವುದೂ ಉಂಟು. ಅದನ್ನು ತಡೆಯಲು ಕಾನೂನು ಬೇಕಿಲ್ಲ, ಅಂಗಡಿಕಾರನ ಒಂದು ಗದರಿಕೆ ಸಾಕು.

ಬಂಧುಗಳೇ, ಈಗ ಕೈಯೊಳಗಿನ ಫೋನಿನಲ್ಲಿ ಜಗತ್ತಿನ ಎಲ್ಲ ಆಟವೂ ಕಾಣುತ್ತದೆ. ಡೇರೆಗಳು ಬೆರಳೆಣಿಕೆಗೆ ಇಳಿದಿವೆ. ಕಾಲ ಯಾವ ಕಸುಬನ್ನು ಉಳಿಸುತ್ತದೆ, ಯಾವುದನ್ನು ಒಯ್ಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಮುಚ್ಚಿದ ಗಿರಣಿಗಳನ್ನು ಕಂಡ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಸುಬು ಹೋದರೂ ಕಸುಬಿನವನು ಹೋಗಕೂಡದು. ಮೇಲೆ ಹಾರುವವಳಿಗೆ ಎದುರಿನಿಂದ ಒಂದು ಮಣಿಕಟ್ಟು ಬರುತ್ತದೆಂಬ ಭರವಸೆ ಇದೆ. ನೆಲಕ್ಕೆ ಇಳಿದ ಮೇಲೆ, ಮುಪ್ಪಿನಲ್ಲಿ, ಕಾಯಿಲೆಯಲ್ಲಿ ಅವಳಿಗೆ ಅಂಥ ಭರವಸೆ ಇಲ್ಲ. ಅದನ್ನು ಒಬ್ಬ ಯಜಮಾನನ ಒಳ್ಳೆಯತನಕ್ಕೆ ಬಿಡಕೂಡದು. ಕಾಯ್ದೆ ಮತ್ತು ಸಂಘ ಎರಡೂ ಕೂಡಿ ಆ ಕೆಲಸ ಮಾಡಬೇಕು, ಮತ್ತು ಸಂಘದ ಮಾತು ಬಂದಾಗ ಮೊದಲ ಹೆಜ್ಜೆ ಸಂಘವಿರುವ ನಮ್ಮದೇ.

ಮುಂದಿನ ಸಲ ಡೇರೆ ಬರುವ ಸುದ್ದಿ ತಿಳಿದ ಕೂಡಲೆ ಈ ಕೂಟ ಸೇರಿ, ಯಾರು ಹೋಗಬೇಕು, ಯಾವ ದಿನ ಹೋಗಬೇಕು ಎಂದು ಗೊತ್ತು ಮಾಡೋಣ. ಟಿಕೇಟು ಕೊಂಡು ಆಟವನ್ನೂ ನೋಡೋಣ. ಆಮೇಲೆ ಹಿಂದಿನ ಬಾಗಿಲಿಗೂ ಹೋಗೋಣ.